ಹೀಲರ್‌ಗೆ ಆರ್ಮರ್ ಆರಿಸುವ ಬಗೆ: ಮನಾ, ಸಮಯ, ಪ್ರಾಣ

ಡೊಂಬಿವಲಿ, ಠಾಣೆ, ಪಿಂಪ್ರಿ, ವಾಸ್ಕೊ ಕಡೆಯ ಕನ್ನಡದವರು ಆನ್‌ಲೈನ್ ಆಟಗಳಲ್ಲಿ ಹೊಸದಾಗಿ ಹೀಲರ್, ಅಂದರೆ ಗುಂಪಿನವರ ಗಾಯ ವಾಸಿಮಾಡುವ ಪಾತ್ರ, ಆಡಲು ಕೂತಾಗ ಮೊದಲು ಕೇಳುವುದು ‘ಯಾವ ಸೆಟ್ ಹಾಕ್ಲಿ?’ ಅಂತ. ಅದಕ್ಕೆ ಯಾರಾದರೂ ಒಂದು ಪಟ್ಟಿ ಕೊಡುತ್ತಾರೆ, ಆಟದ ಮುಂದಿನ ಪ್ಯಾಚ್ (ಅಪ್‌ಡೇಟ್) ಬಂದ ದಿನ ಆ ಪಟ್ಟಿ ಹಳಸುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ: ನಿನ್ನೆ ಸೋತ ಫೈಟ್‌ನಲ್ಲಿ ನನ್ನ ಹತ್ತಿರ ಮೊದಲು ಮುಗಿದದ್ದು ಏನು? ಮುಗಿಯುವಂಥವು ಮೂರೇ. ಮನಾ (ಸ್ಪೆಲ್ ಹಾಕಲು ಖರ್ಚಾಗುವ ಶಕ್ತಿ), ಸಮಯ, ಇಲ್ಲವೇ ನಿಮ್ಮ ಪ್ರಾಣ. ಆರ್ಮರ್‌ನ ಪ್ರತಿಯೊಂದು ಸ್ಟ್ಯಾಟ್ (ಬಲದ ಅಂಕೆ) ಈ ಮೂರರಲ್ಲಿ ಒಂದನ್ನು ತುಂಬಿಕೊಡುತ್ತದೆ. ಕೊರತೆ ಯಾವುದೆಂದು ಗೊತ್ತಿಲ್ಲದೆ ತುಂಬಲು ಹೋದರೆ ತಿಂಗಳುಗಟ್ಟಲೆ ಕೂಡಿಸಿದ ಗೇರ್ ವ್ಯರ್ಥವಾಗುತ್ತದೆ.

ಮಾಟುಂಗದ ಮದುವೆ ಹಾಲ್‌ನಲ್ಲಿ ಪಂಕ್ತಿಗೆ ಸಾರು ಬಡಿಸುವವರನ್ನು ಕಣ್ಣ ಮುಂದೆ ತಂದುಕೊಳ್ಳಿ. ಕೈಯಲ್ಲಿರುವ ಬಕೆಟ್ಟೇ ಮನಾ. ಸೌಟಿನ ಗಾತ್ರ ಇಂಟೆಲೆಕ್ಟ್ ಅಥವಾ ಮೈಂಡ್, ಅಂದರೆ ಪ್ರತಿ ಹೀಲ್‌ನ ಬಲ. ಕೈಯ ಚುರುಕು ಹೇಸ್ಟ್. ಎಲೆ ತುಂಬಿದ ಮೇಲೂ ಸುರಿದು ಹರಿದುಹೋದ ಸಾರು ಓವರ್‌ಹೀಲ್. ಬಕೆಟ್ ಸಣ್ಣದಿರುವಾಗ ಕೈಯ ಚುರುಕು ಹೆಚ್ಚಿಸಿದರೆ ಅರ್ಧ ಪಂಕ್ತಿಗೇ ಸಾರು ಖಾಲಿ. ಬಕೆಟ್ ತುಂಬ ಇದ್ದು ಕೈ ನಿಧಾನವಾದರೆ ಕೊನೆಯ ಎಲೆಯವರು ಬರಿ ಅನ್ನ ತಿಂದು ಏಳುತ್ತಾರೆ. ಮುಂದಿನ ಲೆಕ್ಕಗಳೆಲ್ಲ ಇದೇ ಬಕೆಟ್, ಇದೇ ಸೌಟಿನವು.

ಮೊದಲ ಹೆಜ್ಜೆ: ಮುಗಿದದ್ದು ಏನೆಂದು ಪತ್ತೆ ಹಚ್ಚಿ

ಇದಕ್ಕೆ ಅಂದಾಜು ಸಾಲದು, ದಾಖಲೆ ನೋಡಬೇಕು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಡುವವರಿಗೆ ವಾರ್‌ಕ್ರಾಫ್ಟ್ ಲಾಗ್ಸ್ ಇದೆ, ಫೈನಲ್ ಫ್ಯಾಂಟಸಿ 14ಕ್ಕೆ ಎಫ್‌ಎಫ್‌ಲಾಗ್ಸ್, ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್‌ಗೆ ಇಎಸ್‌ಓ ಲಾಗ್ಸ್. ಲಾಗ್ ಇಲ್ಲದಿದ್ದರೆ ಸ್ಕ್ರೀನ್ ರೆಕಾರ್ಡ್ ಮಾಡಿಟ್ಟುಕೊಂಡರೂ ನಡೆಯುತ್ತದೆ. ಪಾರ್ಟಿಯಲ್ಲಿ ಮೊದಲ ಸಾವು ಆದ ಕ್ಷಣಕ್ಕೆ ಹೋಗಿ, ಅಲ್ಲಿಂದ ಹತ್ತು ಸೆಕೆಂಡ್ ಹಿಂದಕ್ಕೆ ತಿರುಗಿಸಿ ನೋಡಿ.

ಆ ಹತ್ತು ಸೆಕೆಂಡ್‌ನಲ್ಲಿ ನಿಮ್ಮ ಮನಾ ಶೇ. 10ಕ್ಕಿಂತ ಕೆಳಗಿತ್ತೇ? ಹಾಗಿದ್ದರೆ ಕೊರತೆ ಮನಾದ್ದು. ಮನಾ ಬೇಕಾದಷ್ಟಿದ್ದು, ಒಂದಾದ ಮೇಲೊಂದು ಕ್ಯಾಸ್ಟ್ (ಸ್ಪೆಲ್ ಪ್ರಯೋಗ) ಬಿಡದೆ ಹೋಗುತ್ತಿದ್ದರೂ ಜೀವ ತುಂಬಲಿಲ್ಲವೇ? ಆಗ ಕೊರತೆ ಸಮಯದ್ದು ಅಥವಾ ಸೌಟಿನ ಗಾತ್ರದ್ದು. ಮೊದಲು ಬಿದ್ದವರು ನೀವೇ ಆಗಿದ್ದರೆ ಪ್ರಾಣದ್ದು. ನಾಲ್ಕನೆಯ ಸಾಧ್ಯತೆಯೊಂದು ಇದೆ, ಹೆಚ್ಚಿನ ಸಲ ಅದೇ ನಿಜ: ಮನಾ ಇತ್ತು, ನೀವು ಬದುಕಿದ್ದಿರಿ, ಆದರೆ ಆ ಹತ್ತರಲ್ಲಿ ಮೂರು ನಾಲ್ಕು ಸೆಕೆಂಡ್ ಏನೂ ಕ್ಯಾಸ್ಟ್ ಆಗಿರಲಿಲ್ಲ. ಅದನ್ನು ಯಾವ ಆರ್ಮರ್ ಕೂಡ ಸರಿಮಾಡುವುದಿಲ್ಲ. ಬಾಸ್‌ನ ದೊಡ್ಡ ಏಟು ಯಾವಾಗ ಬೀಳುತ್ತದೆ ಎಂಬುದನ್ನು ಬಾಯಿಪಾಠ ಮಾಡಿಕೊಂಡರೆ ಮಾತ್ರ ಸರಿಹೋಗುತ್ತದೆ.

ಒಂದೇ ಸೋಲು ನೋಡಿ ತೀರ್ಮಾನಿಸಬೇಡಿ. ಒಂದೇ ಬಾಸ್‌ನ ಐದಾರು ಪ್ರಯತ್ನ ನೋಡಿ, ಅವುಗಳಲ್ಲಿ ಮತ್ತೆ ಮತ್ತೆ ಕಾಣುವ ಕೊರತೆಯನ್ನು ಹಿಡಿಯಿರಿ.

ಎರಡನೆಯ ಹೆಜ್ಜೆ: ಆರ್ಮರ್‌ನ ಜಾತಿ

ದಪ್ಪ ಆರ್ಮರ್ ಹಾಕಿದರೆ ಹೀಲರ್ ಉಳಿದುಕೊಳ್ಳುತ್ತಾನೆ ಎಂಬ ನಂಬಿಕೆ ತುಂಬಾ ಹಳೆಯದು, ತುಂಬಾ ಜನಕ್ಕೆ ಪೆಟ್ಟು ಕೊಟ್ಟದ್ದೂ ಹೌದು. ವಾರ್‌ಕ್ರಾಫ್ಟ್‌ನಲ್ಲಿ ಆರ್ಮರ್ ಅಂಕೆ ತಡೆಯುವುದು ಕತ್ತಿ, ಗದೆ, ಉಗುರಿನಂಥ ದೈಹಿಕ ಏಟನ್ನು ಮಾತ್ರ. ರೇಡ್‌ನಲ್ಲಿ (ದೊಡ್ಡ ಗುಂಪು ಕಟ್ಟಿ ಬಾಸ್‌ಗಳ ಜೊತೆ ಆಡುವ ಹೋರಾಟ) ಇಡೀ ಗುಂಪಿನ ಮೇಲೆ ಬೀಳುವ ಬೆಂಕಿ, ವಿಷ, ನೆರಳಿನ ಏಟು ಬಹುಪಾಲು ಮಾಂತ್ರಿಕ. ಅದರ ಎದುರು ಪ್ಲೇಟ್ ಹಾಕಿದ ಪಾಲಾಡಿನ್‌ನೂ ಒಂದೇ, ಕ್ಲಾತ್ ಹಾಕಿದ ಪ್ರೀಸ್ಟ್‌ನೂ ಒಂದೇ.

ಅಲ್ಲಿ ಪ್ರೀಸ್ಟ್‌ಗೆ ಕ್ಲಾತ್, ಡ್ರೂಯಿಡ್ ಮತ್ತು ಮಾಂಕ್‌ಗೆ ಲೆದರ್, ಶಮನ್ ಮತ್ತು ಇವೋಕರ್‌ಗೆ ಮೇಲ್, ಪಾಲಾಡಿನ್‌ಗೆ ಪ್ಲೇಟ್. ಎಲ್ಲ ಪೀಸ್‌ಗಳೂ ಸ್ವಂತ ಜಾತಿಯವೇ ಆಗಿದ್ದರೆ ಶೇ. 5ರಷ್ಟು ಇಂಟೆಲೆಕ್ಟ್ ಹೆಚ್ಚುವರಿ ಸಿಗುತ್ತದೆ. ಶಮನ್ ಒಂದು ಲೆದರ್ ಬೆಲ್ಟ್ ಹಾಕಿಕೊಂಡರೂ ಆ ಇಡೀ ಶೇ. 5 ಹೋಗುತ್ತದೆ. ಬೆಲ್ಟ್‌ನ ಐಟಂ ಲೆವೆಲ್ (ಪೀಸ್‌ನ ಒಟ್ಟು ದರ್ಜೆಯ ಅಂಕೆ) ಮೇಲಿದ್ದರೂ ಈ ನಷ್ಟ ಸಾಮಾನ್ಯವಾಗಿ ತುಂಬುವುದಿಲ್ಲ. ಮೊದಮೊದಲ ಆಟವನ್ನೇ ಮರಳಿ ಕೊಡುವ ಕ್ಲಾಸಿಕ್ ಆವೃತ್ತಿಯಲ್ಲಿ ಮಾತ್ರ ಈ ನಿಯಮ ಇಲ್ಲ. ಅಲ್ಲಿ ಹೀಲಿಂಗ್ ಹೆಚ್ಚಿರುವ ಕ್ಲಾತ್ ಪೀಸ್‌ಗಳನ್ನು ಪಾಲಾಡಿನ್‌ಗಳು ಹಾಕಿಕೊಳ್ಳುವುದು ಮಾಮೂಲು. ಅದೇ ಪೀಸ್‌ಗೆ ಕಾಯುತ್ತಿರುವ ಪ್ರೀಸ್ಟ್ ಜೊತೆ ಜಗಳ ಆಗುವುದೂ ಮಾಮೂಲು, ಆದ್ದರಿಂದ ಲೂಟ್ ಹಂಚಿಕೆಯ ಮಾತನ್ನು ರೇಡ್ ಶುರುವಾಗುವ ಮುಂಚೆಯೇ ಮುಗಿಸಿಕೊಳ್ಳಿ.

ಫೈನಲ್ ಫ್ಯಾಂಟಸಿ 14ರಲ್ಲಿ ಈ ತಲೆನೋವಿಲ್ಲ. ವೈಟ್ ಮೇಜ್, ಸ್ಕಾಲರ್, ಆಸ್ಟ್ರೋಲೊಜಿಯನ್, ಸೇಜ್ ನಾಲ್ಕೂ ಒಂದೇ ಹೀಲಿಂಗ್ ಗೇರ್ ಹಂಚಿಕೊಳ್ಳುತ್ತವೆ. ಒಂದು ಸೆಟ್ ಕಟ್ಟಿಕೊಂಡರೆ ಆಯುಧ ಮಾತ್ರ ಬದಲಿಸಿ ನಾಲ್ಕು ಜಾಬ್ ಆಡಬಹುದು. ಗಿಲ್ಡ್ ವಾರ್ಸ್ 2ರಲ್ಲಿ ಜಾತಿ ನಿಮ್ಮ ಪ್ರೊಫೆಶನ್‌ಗೆ ಕಟ್ಟಿಹಾಕಿದ್ದು, ಆಯ್ಕೆ ಇರುವುದು ಸ್ಟ್ಯಾಟ್‌ನಲ್ಲಿ.

ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್‌ನಲ್ಲಿ ಮಾತ್ರ ಲೈಟ್, ಮೀಡಿಯಂ, ಹೆವಿ ಮೂರರಲ್ಲಿ ಯಾವುದನ್ನು ಬೇಕಾದರೂ ಯಾರು ಬೇಕಾದರೂ ಹಾಕಬಹುದು. ಅನುಭವಸ್ಥ ಹೀಲರ್‌ಗಳು ಹಾಕುವುದು ಐದು ಲೈಟ್, ಒಂದು ಮೀಡಿಯಂ, ಒಂದು ಹೆವಿ. ಲೈಟ್‌ನಿಂದ ಮ್ಯಾಜಿಕಾ ಖರ್ಚು ಇಳಿಯುತ್ತದೆ, ಮರುಪೂರಣ ಏರುತ್ತದೆ. ಉಳಿದ ಎರಡು ಪೀಸ್ ಅನ್‌ಡಾಂಟೆಡ್ ಗಿಲ್ಡ್‌ನ ಪ್ಯಾಸಿವ್‌ಗಾಗಿ (ತಾನಾಗಿ ಸದಾ ಕೆಲಸ ಮಾಡುವ ಬಲ): ಮೈಮೇಲಿರುವ ಪ್ರತಿ ಜಾತಿಗೆ ಶೇ. 2ರಂತೆ, ಮೂರೂ ಇದ್ದರೆ ಶೇ. 6ರಷ್ಟು ಹೆಲ್ತ್, ಸ್ಟ್ಯಾಮಿನಾ, ಮ್ಯಾಜಿಕಾ ಏರುತ್ತದೆ. ಆ ಪ್ಯಾಸಿವ್ ಇನ್ನೂ ತೆರೆದಿಲ್ಲದಿದ್ದರೆ ಏಳೂ ಲೈಟ್ ಹಾಕಿ, ತೆರೆದ ಮೇಲೆ ಬದಲಿಸಿ.

ಮೂರನೆಯ ಹೆಜ್ಜೆ: ಐಟಂ ಲೆವೆಲ್ ಎಲ್ಲಿಯವರೆಗೆ ನಂಬಬಹುದು

ಲೆವೆಲ್ ಏರಿಸುವ ಹಂತದಲ್ಲಿ ಯೋಚನೆಯೇ ಬೇಡ, ಐಟಂ ಲೆವೆಲ್ ದೊಡ್ಡದಿರುವುದನ್ನು ಹಾಕಿ ಮುಂದೆ ನಡೆಯಿರಿ. ಗರಿಷ್ಠ ಲೆವೆಲ್ ಮುಟ್ಟಿದ ಮೇಲೂ ವ್ಯತ್ಯಾಸ ದೊಡ್ಡದಿದ್ದರೆ ಅದೇ ಸರಿ. ಸೌಟು ದೊಡ್ಡದಾಗುತ್ತದೆ, ನಿಮ್ಮ ಜೀವವೂ ಏರುತ್ತದೆ. ತಲೆ ಕೆಡಿಸಿಕೊಳ್ಳಬೇಕಾದದ್ದು ಎರಡು ಪೀಸ್ ಹತ್ತಿರ ಹತ್ತಿರ ಇದ್ದಾಗ.

ಆಗ ಹೀಗೆ ಮಾಡಿ. ಒಂದನೆಯ ರೋಬ್ ಹಾಕಿ, ಕ್ಯಾರೆಕ್ಟರ್ ಶೀಟ್‌ನಲ್ಲಿ ಕಾಣುವ ಅಂಕೆ ಬರೆದುಕೊಳ್ಳಿ. ಇಂಟೆಲೆಕ್ಟ್ 10,000, ಕ್ರಿಟ್ ಶೇ. 20 ಎಂದಿಟ್ಟುಕೊಳ್ಳೋಣ. ಎರಡನೆಯದರ ಐಟಂ ಲೆವೆಲ್ ಸ್ವಲ್ಪ ಕಡಿಮೆ, ಆದರೆ ಕ್ರಿಟ್ ಹೆಚ್ಚು: ಇಂಟೆಲೆಕ್ಟ್ 9,800, ಕ್ರಿಟ್ ಶೇ. 22.5. ಕ್ರಿಟ್ ಆದ ಹೀಲ್ ದುಪ್ಪಟ್ಟಾಗುತ್ತದೆ, ಆದ್ದರಿಂದ ಮೊದಲನೆಯದರ ಬಲ 1.00 ಗುಣಿಸು 1.20, ಅಂದರೆ 1.2000. ಎರಡನೆಯದು 0.98 ಗುಣಿಸು 1.225, ಅಂದರೆ 1.2005. ಕಾಗದದ ಮೇಲೆ ಎರಡೂ ಸಮ.

ಆದರೆ ಸಾರು ಹರಿದುಹೋಗುವುದನ್ನು ಮರೆತೆವು. ಕ್ರಿಟ್‌ನ ಹೆಚ್ಚುವರಿ ಅರ್ಧ ಯಾರಿಗೂ ಹೇಳದೆ ಕೇಳದೆ ಬರುತ್ತದೆ, ಎಷ್ಟೋ ಸಲ ಎಲೆ ಆಗಲೇ ತುಂಬಿರುತ್ತದೆ. ಕ್ರಿಟ್‌ನಿಂದ ಬಂದ ಹೆಚ್ಚುವರಿಯಲ್ಲಿ ಅರ್ಧ ಓವರ್‌ಹೀಲ್ ಆಯಿತು ಅಂದುಕೊಂಡು ಮತ್ತೆ ಗುಣಿಸಿ ನೋಡಿ. ಮೊದಲನೆಯದು 1.00 ಗುಣಿಸು 1.10, ಅಂದರೆ 1.1000. ಎರಡನೆಯದು 0.98 ಗುಣಿಸು 1.1125, ಅಂದರೆ 1.0903. ಈಗ ಮೊದಲನೆಯ ರೋಬ್ ಶೇ. 1ರಷ್ಟು ಮುಂದೆ. ನಿಮ್ಮ ಲಾಗ್‌ನಲ್ಲಿ ಓವರ್‌ಹೀಲ್ ಎಷ್ಟಿದೆಯೋ ಅದನ್ನೇ ಇಲ್ಲಿ ಹಾಕಿ ಲೆಕ್ಕ ಮಾಡಿದರೆ ನಿಮ್ಮದೇ ಉತ್ತರ ಸಿಗುತ್ತದೆ. ಡಿಪಿಎಸ್ (ಬಾಸ್‌ಗೆ ಏಟು ಕೊಡುವ ಪಾತ್ರ) ಆಡುವವರ ಸಿಮ್ಯುಲೇಶನ್ ಹೀಲರ್‌ಗೆ ಪೂರ್ತಿ ಒಗ್ಗದಿರುವುದಕ್ಕೆ ಕಾರಣವೂ ಇದೇ. ಬಾಸ್ ಎಷ್ಟು ಏಟು ಬೇಕಾದರೂ ತಿನ್ನುತ್ತಾನೆ. ಪಾರ್ಟಿ ಕಳೆದುಕೊಂಡ ಜೀವಕ್ಕಿಂತ ಹೆಚ್ಚು ತುಂಬಲು ಹೀಲರ್‌ಗೆ ಆಗುವುದಿಲ್ಲ.

ನಾಲ್ಕನೆಯ ಹೆಜ್ಜೆ: ಎರಡನೇ ದರ್ಜೆಯ ಸ್ಟ್ಯಾಟ್‌ಗಳು

ವಾರ್‌ಕ್ರಾಫ್ಟ್‌ನಲ್ಲಿ ಇವು ನಾಲ್ಕು: ಹೇಸ್ಟ್, ಕ್ರಿಟ್, ಮಾಸ್ಟರಿ (ಪ್ರತಿ ಕ್ಲಾಸ್‌ಗೂ ಬೇರೆಯಾದ ವಿಶೇಷ ಬಲ), ವರ್ಸಟಿಲಿಟಿ (ಹೀಲಿಂಗ್ ಏರಿಸಿ ಬೀಳುವ ಏಟು ತಗ್ಗಿಸುವುದು). ಮನಾ ಮರುಪೂರಣ ಹೆಚ್ಚಿಸುತ್ತಿದ್ದ ಸ್ಪಿರಿಟ್ ಅನ್ನು 2016ರ ಲೀಜನ್‌ನಲ್ಲಿ ಗೇರ್‌ನಿಂದ ತೆಗೆದುಹಾಕಿದ ಮೇಲೆ ಬಕೆಟ್‌ನ ಗಾತ್ರವಾಗಲಿ ಅದು ಮರಳಿ ತುಂಬುವ ವೇಗವಾಗಲಿ ಆರ್ಮರ್‌ನಿಂದ ಬದಲಾಗುವುದಿಲ್ಲ. ಮನಾ ಕೊರತೆ ಇದ್ದವರು ಹೇಸ್ಟ್ ಹೆಚ್ಚಿಸಿಕೊಂಡರೆ ಗಾಯದ ಮೇಲೆ ಬರೆ. ಪ್ರತಿ ಕ್ಯಾಸ್ಟ್‌ಗೆ ಅದೇ ಖರ್ಚು, ನಿಮಿಷಕ್ಕೆ ಹೆಚ್ಚು ಕ್ಯಾಸ್ಟ್. ಅವರಿಗೆ ಬೇಕಾದ್ದು ಖರ್ಚು ಹೆಚ್ಚಿಸದೆ ಪ್ರತಿ ಹೀಲ್ ಅನ್ನು ದೊಡ್ಡದು ಮಾಡುವ ಕ್ರಿಟ್, ಮಾಸ್ಟರಿ, ವರ್ಸಟಿಲಿಟಿ. ಸಮಯ ಸಾಲದವರಿಗೆ ಹೇಸ್ಟ್ ನಿಜವಾದ ಮದ್ದು. 1.5 ಸೆಕೆಂಡ್‌ನ ಗ್ಲೋಬಲ್ ಕೂಲ್‌ಡೌನ್ (ಎರಡು ಕ್ಯಾಸ್ಟ್‌ಗಳ ನಡುವಿನ ಕನಿಷ್ಠ ಅಂತರ) ಶೇ. 20 ಹೇಸ್ಟ್‌ನಲ್ಲಿ 1.25 ಆಗುತ್ತದೆ, ಒಂದು ನಿಮಿಷಕ್ಕೆ 40 ಕ್ಯಾಸ್ಟ್ ಇದ್ದದ್ದು 48 ಆಗುತ್ತದೆ.

ಮಾಸ್ಟರಿಯ ಬಗ್ಗೆ ಇನ್ನೊಬ್ಬರ ಮಾತು ಕೇಳುವ ಮುನ್ನ ಅವರು ಯಾವ ಕ್ಲಾಸ್ ಎಂದು ಕೇಳಿ. ಶಮನ್‌ನ ಮಾಸ್ಟರಿ ಜೀವ ಕಡಿಮೆ ಇರುವವರ ಮೇಲೆ ಹೆಚ್ಚು ಕೆಲಸ ಮಾಡುತ್ತದೆ. ಎಲ್ಲರೂ ಸದಾ ಶೇ. 90ರ ಮೇಲಿರುವ ಸುಲಭದ ಡಂಜನ್‌ನಲ್ಲಿ ಅದು ನಿದ್ದೆ ಮಾಡುತ್ತಿರುತ್ತದೆ, ಕಷ್ಟದ ರೇಡ್‌ನಲ್ಲಿ ಎಚ್ಚರವಾಗುತ್ತದೆ. ಡ್ರೂಯಿಡ್‌ನದು ಒಬ್ಬರ ಮೇಲೆ ಎಷ್ಟು ಹಾಟ್‌ಗಳಿವೆ (ಸ್ವಲ್ಪ ಸ್ವಲ್ಪವಾಗಿ ಗುಣಪಡಿಸುತ್ತ ಹೋಗುವ ಸ್ಪೆಲ್‌ಗಳು) ಎಂಬುದರ ಮೇಲೆ ನಿಂತಿದೆ, ಐದು ಜನರ ಡಂಜನ್‌ನಲ್ಲಿ ಚೆನ್ನಾಗಿ ತುಂಬಿಕೊಳ್ಳುತ್ತದೆ. ಪಾಲಾಡಿನ್‌ನದು ಹೀಲ್ ಪಡೆಯುವವರು ತನಗೆ ಎಷ್ಟು ಹತ್ತಿರ ನಿಂತಿದ್ದಾರೆ ಎಂಬುದರ ಮೇಲೆ. ಎಲ್ಲರೂ ಚದುರಿ ನಿಲ್ಲುವ ಬಾಸ್‌ನಲ್ಲಿ ಅದೇ ಗೇರ್ ಬಡವಾಗುತ್ತದೆ.

ಒಂದೇ ಸ್ಟ್ಯಾಟ್ ಮೇಲೆ ಎಲ್ಲವನ್ನೂ ಸುರಿಯಬೇಡಿ. 2020ರಲ್ಲಿ ಶ್ಯಾಡೋಲ್ಯಾಂಡ್ಸ್ ಬಂದಾಗ ಕಡಿತದ ನಿಯಮ ಸೇರಿಸಿದರು. ಹೇಸ್ಟ್ ಅಥವಾ ಕ್ರಿಟ್‌ನಲ್ಲಿ ಗೇರ್ ರೇಟಿಂಗ್‌ನಿಂದ ಬರುವ ಪಾಲು ಶೇ. 30 ದಾಟಿದರೆ ಅಲ್ಲಿಂದಾಚೆಯ ರೇಟಿಂಗ್‌ಗೆ ಶೇ. 10 ಕಡಿತ, 39 ದಾಟಿದರೆ ಶೇ. 20. ಮೂವತ್ತರ ಹತ್ತಿರ ಬಂದವರು ಮುಂದಿನ ಪೀಸ್‌ನಲ್ಲಿ ಎರಡನೆಯ ಇಷ್ಟದ ಸ್ಟ್ಯಾಟ್ ಹುಡುಕುವುದು ಲಾಭ.

ಕ್ಲಾಸಿಕ್ ಆಡುವವರ ಲೆಕ್ಕವೇ ಬೇರೆ. ಅಲ್ಲಿ ಮನಾ ಖರ್ಚು ಮಾಡಿದ ಮೇಲೆ ಐದು ಸೆಕೆಂಡ್ ಸ್ಪಿರಿಟ್‌ನ ಮರುಪೂರಣ ನಿಲ್ಲುತ್ತದೆ. ನಡುನಡುವೆ ಕೈಕಟ್ಟಿ ನಿಲ್ಲುವ ಅವಕಾಶ ಇರುವ ಪ್ರೀಸ್ಟ್‌ಗೆ ಸ್ಪಿರಿಟ್ ಅನ್ನ ಹಾಕುತ್ತದೆ, ಬಿಡುವಿಲ್ಲದೆ ಟ್ಯಾಂಕ್ ಅನ್ನು (ಬಾಸ್‌ನ ಏಟು ತಾನೇ ತಿನ್ನುವವರನ್ನು) ಹೀಲ್ ಮಾಡುವ ಪಾಲಾಡಿನ್‌ಗೆ ಐದು ಸೆಕೆಂಡಿಗೆ ಇಷ್ಟೆಂದು ಸದಾ ಬರುವ ಮನಾ ಇರುವ ಪೀಸ್ ಒಳ್ಳೆಯದು. ಹೀಲಿಂಗ್ ಬೋನಸ್ ಕೂಡ ಎಲ್ಲ ಸ್ಪೆಲ್‌ಗೂ ಸಮನಾಗಿ ಸಿಗುವುದಿಲ್ಲ. ಕ್ಯಾಸ್ಟ್ ಸಮಯವನ್ನು 3.5ರಿಂದ ಭಾಗಿಸಿದಷ್ಟು ಪಾಲು ಮಾತ್ರ. ಆರ್ಮರ್‌ನಲ್ಲಿ 100 ಹೀಲಿಂಗ್ ಏರಿಸಿದರೆ 3 ಸೆಕೆಂಡ್‌ನ ಗ್ರೇಟರ್ ಹೀಲ್‌ಗೆ ಸುಮಾರು 86, ಒಂದೂವರೆ ಸೆಕೆಂಡ್‌ನ ಫ್ಲ್ಯಾಶ್ ಹೀಲ್‌ಗೆ 43. ಆ ಪೀಸ್ ಬೆಲೆ ಬಾಳುತ್ತದೆಯೇ ಎಂಬುದು ನೀವು ಯಾವ ಸ್ಪೆಲ್ ಹೆಚ್ಚು ಒತ್ತುತ್ತೀರಿ ಎಂಬುದರ ಮೇಲಿದೆ.

ಪಯಟಿ ಬೇಕೇ, ಬೇಡವೇ: ಒಂದು ಬಕೆಟ್‌ನ ಪೂರ್ತಿ ಲೆಕ್ಕ

ಫೈನಲ್ ಫ್ಯಾಂಟಸಿ 14ರಲ್ಲಿ ಹೀಲರ್‌ಗಳು ಅತಿ ಹೆಚ್ಚು ತಪ್ಪುವುದು ಇಲ್ಲಿ. ಮನಾ ಖಾಲಿಯಾಯಿತು, ಆದ್ದರಿಂದ ಪಯಟಿ (ಮನಾ ಮರುಪೂರಣ ಹೆಚ್ಚಿಸುವ ಸ್ಟ್ಯಾಟ್) ಮೆಟೀರಿಯಾ (ಗೇರ್‌ನಲ್ಲಿ ಕೂರಿಸುವ ಹರಳು) ಹಾಕೋಣ ಅನ್ನುತ್ತಾರೆ. ಮೊದಲು ಲೆಕ್ಕ ಮಾಡಿ.

ಎಲ್ಲರ ಎಂಪಿ, ಅಂದರೆ ಇಲ್ಲಿನ ಮನಾ, 10,000. ಫೈಟ್ ನಡೆಯುವಾಗ ಪ್ರತಿ 3 ಸೆಕೆಂಡಿಗೆ 200 ತಾನಾಗಿ ಬರುತ್ತದೆ, ಅಂದರೆ ಸೆಕೆಂಡಿಗೆ ಸುಮಾರು 66.7. ಲೂಸಿಡ್ ಡ್ರೀಮಿಂಗ್ ಒತ್ತಿದರೆ 21 ಸೆಕೆಂಡ್ ಕಾಲ ಪ್ರತಿ ಟಿಕ್‌ಗೆ 550ರಂತೆ ಏಳು ಸಲ, ಒಟ್ಟು 3,850. ಅದನ್ನು 60 ಸೆಕೆಂಡಿಗೊಮ್ಮೆ ತಪ್ಪದೆ ಒತ್ತಿದರೆ ಸೆಕೆಂಡಿಗೆ 64ರಷ್ಟು. ಎರಡೂ ಸೇರಿ ಒಳಬರುವುದು ಸುಮಾರು 131. ವೈಟ್ ಮೇಜ್‌ನ ಏಟಿನ ಸ್ಪೆಲ್ ಗ್ಲೇರ್‌ಗೆ 400 ಎಂಪಿ, 2.5 ಸೆಕೆಂಡಿಗೊಂದು, ಅಂದರೆ ಹೊರಹೋಗುವುದು ಸೆಕೆಂಡಿಗೆ 160. ಕೊರತೆ ಬರೀ 29. ತುಂಬಿದ ಬಕೆಟ್ ಈ ಸೋರಿಕೆಯಲ್ಲಿ ಹತ್ತಿರ ಹತ್ತಿರ ಐದು ಮುಕ್ಕಾಲು ನಿಮಿಷ ಬರುತ್ತದೆ. ಲಿಲಿಯಿಂದ (ಸಮಯ ಕಳೆದಂತೆ ತಾನಾಗಿ ಕೂಡುವ ಟೋಕನ್) ಮಾಡುವ ಹೀಲ್‌ಗೆ ಎಂಪಿ ಖರ್ಚೇ ಇಲ್ಲ, ಅಸೈಜ್ ಎಂಬ ಬಟನ್ ಒಂದಿಷ್ಟು ವಾಪಸ್ ಕೊಡುತ್ತದೆ. ಆದ್ದರಿಂದ ಸರಿಯಾಗಿ ಆಡಿದರೆ ಇನ್ನೂ ಉದ್ದ ಬಾಳುತ್ತದೆ.

ಈಗ ಇಬ್ಬರು ಸತ್ತರು ಅಂದುಕೊಳ್ಳಿ. ಸತ್ತವರನ್ನು ಎಬ್ಬಿಸುವ ಒಂದು ರೇಜ್‌ಗೆ 2,400, ಎರಡಕ್ಕೆ 4,800. ಅರ್ಧ ಬಕೆಟ್ ಒಂದೇ ಏಟಿಗೆ ಖಾಲಿ. ಇನ್ನೊಂದು ಕಡೆ, ಲೂಸಿಡ್ ಅನ್ನು ಎಂಪಿ ಶೇ. 30ಕ್ಕೆ ಇಳಿದ ಮೇಲೆ ನೆನಪು ಮಾಡಿಕೊಳ್ಳುವವರು ಐದು ನಿಮಿಷದಲ್ಲಿ ಎರಡು ಸಲ ಕಳೆದುಕೊಂಡರೂ 7,700 ಹೋಯಿತು. ಪಯಟಿ ಏರಿಸುವ ಮುನ್ನ ಈ ಎರಡನ್ನು ನೋಡಬೇಕು. ಶೇ. 80ರ ಕೆಳಗೆ ಇಳಿದ ಕೂಡಲೇ ಲೂಸಿಡ್ ಒತ್ತುವ ಅಭ್ಯಾಸ ಮಾಡಿ, ಎರಡು ವಾರ ಆಡಿ. ಆಮೇಲೂ ಕೊನೆಯ ನಿಮಿಷದಲ್ಲಿ ಬಕೆಟ್ ತಳ ಕಾಣುತ್ತಿದ್ದರೆ ಒಂದೋ ಎರಡೋ ಪಯಟಿ ಮೆಟೀರಿಯಾ ಹಾಕುವುದು ನ್ಯಾಯ. ಹೊಸ ರೇಡ್ ಕಲಿಯುವ ವಾರಗಳಲ್ಲಿ, ಸಾವುಗಳು ಹೆಚ್ಚಿರುವಾಗ, ಹಾಕಿಕೊಂಡು ಆಮೇಲೆ ತೆಗೆಯುವುದರಲ್ಲೂ ತಪ್ಪಿಲ್ಲ. ಉಳಿದಂತೆ ಕ್ರಿಟಿಕಲ್ ಹಿಟ್ ಮೊದಲು, ಡಿಟರ್ಮಿನೇಶನ್ ಆಮೇಲೆ ಎಂದು ಇಟ್ಟುಕೊಂಡರೆ ಸಾಮಾನ್ಯವಾಗಿ ಮೋಸ ಹೋಗುವುದಿಲ್ಲ.

ಮೆಟೀರಿಯಾ ಕೂರಿಸುವಾಗ ಪ್ರತಿ ಪೀಸ್‌ಗೂ ಒಂದೊಂದು ಸ್ಟ್ಯಾಟ್‌ನ ಗರಿಷ್ಠ ಮಿತಿ ಇರುತ್ತದೆ, ಅದನ್ನು ಮೀರಿದ ಅಂಕೆ ಲೆಕ್ಕಕ್ಕಿಲ್ಲ. ಖಚಿತ ಸ್ಲಾಟ್ ತುಂಬಿದ ಮೇಲೆ ಓವರ್‌ಮೆಲ್ಡ್‌ಗೆ ಕೈ ಹಾಕಿದರೆ ವಿಫಲವಾದ ಪ್ರತಿ ಸಲವೂ ಮೆಟೀರಿಯಾ ಒಡೆದು ಹೋಗುತ್ತದೆ. ಅದಕ್ಕೆ ಬೇಕಾದ ದುಡ್ಡು ಕೈಯಲ್ಲಿದ್ದರೆ ಮಾತ್ರ ಆ ದಾರಿ.

ಪಾರ್ಟಿಗಾಗಿ ಹಾಕುವ ಸೆಟ್‌ಗಳು

ಎಲ್ಡರ್ ಸ್ಕ್ರೋಲ್ಸ್‌ನಲ್ಲಿ ಹೀಲರ್‌ನ ಆರ್ಮರ್ ಅರ್ಧಕ್ಕರ್ಧ ಬೇರೆಯವರಿಗಾಗಿ. ಮೈಮೇಲೆ ಏಳು ಪೀಸ್, ಆಭರಣ ಮೂರು, ಕೋಲು ಎರಡು ಪೀಸ್‌ಗೆ ಸಮ. ಒಟ್ಟು ಹನ್ನೆರಡು. ಐದರ ಎರಡು ಸೆಟ್, ತಲೆ ಮತ್ತು ಭುಜಕ್ಕೆ ಎರಡರ ಒಂದು ಮಾನ್‌ಸ್ಟರ್ ಸೆಟ್, ಅಲ್ಲಿಗೆ ಹನ್ನೆರಡೂ ತುಂಬಿತು. ಒಂದು ಪೀಸ್ ಆಚೀಚೆ ಆದರೆ ಒಂದು ಸೆಟ್ ನಾಲ್ಕಕ್ಕೆ ನಿಂತು ಅದರ ಮುಖ್ಯ ಬೋನಸ್ಸೇ ಸಿಗುವುದಿಲ್ಲ. ಹೀಗಾಗಿ ಯಾವ ಸೆಟ್ ಯಾವ ಜಾಗದಲ್ಲಿ ಎಂದು ಕಾಗದದ ಮೇಲೆ ಬರೆದುಕೊಂಡು ಆಮೇಲೆ ಸಂಗ್ರಹಿಸಲು ಹೊರಡಿ.

ವೈಟ್-ಗೋಲ್ಡ್ ಟವರ್ ಡಂಜನ್‌ನ ಸ್ಪೆಲ್ ಪವರ್ ಕ್ಯೂರ್ ಸೆಟ್ ನೋಡಿ. ಓವರ್‌ಹೀಲ್ ಆದವರಿಗೆ ಅದು ಮೇಜರ್ ಕರೇಜ್ ಎಂಬ ಬಫ್ (ತಾತ್ಕಾಲಿಕ ಬಲ) ಕೊಡುತ್ತದೆ, ಅವರ ಏಟಿನ ಬಲ 430ರಷ್ಟು ಏರುತ್ತದೆ. ಎಲ್ಲ ಕಡೆ ವ್ಯರ್ಥ ಅನ್ನಿಸಿಕೊಳ್ಳುವ ಓವರ್‌ಹೀಲ್ ಇಲ್ಲಿ ಬಂಡವಾಳ. ಕ್ಲೌಡ್‌ರೆಸ್ಟ್‌ನ ಒಲೊರೈಮ್ ಸೆಟ್ ಕೊಡುವುದೂ ಅದೇ ಮೇಜರ್ ಕರೇಜ್. ಒಂದೇ ಹೆಸರಿನ ಬಫ್ ಎರಡು ಸಲ ಕೂಡುವುದಿಲ್ಲ. ಹನ್ನೆರಡು ಜನರ ಟ್ರಯಲ್‌ನಲ್ಲಿ ಇಬ್ಬರು ಹೀಲರ್‌ಗಳು ಒಬ್ಬೊಬ್ಬರು ಒಂದೊಂದು ಹಾಕಿಕೊಂಡು ಬಂದರೆ ಐದು ಪೀಸ್ ಮಣ್ಣುಪಾಲು. ಹೊರಡುವ ಮುನ್ನ ಇನ್ನೊಬ್ಬ ಹೀಲರ್‌ಗೆ ‘ನೀವು ಯಾವ ಸೆಟ್ ತರ್ತೀರಿ?’ ಎಂದು ಕೇಳುವ ಒಂದು ಮಾತು ಎಷ್ಟೋ ಗಂಟೆ ಉಳಿಸುತ್ತದೆ. ಇನ್ನು ಟ್ರೇಟ್ (ಪೀಸ್‌ನ ವಿಶೇಷ ಗುಣ): ತಲೆ, ಎದೆ, ಕಾಲಿನ ಪೀಸ್‌ಗಳ ಎನ್‌ಚಾಂಟ್ (ಪೀಸ್‌ಗೆ ಸೇರಿಸುವ ಮಂತ್ರಬಲ) ದೊಡ್ಡದು. ಎನ್‌ಚಾಂಟ್ ಅನ್ನು ಬಲಪಡಿಸುವ ಇನ್‌ಫ್ಯೂಸ್ಡ್ ಹಾಕುವುದಿದ್ದರೆ ಈ ಮೂರಕ್ಕೆ, ಉಳಿದ ಸಣ್ಣವಕ್ಕೆ ಡಿವೈನ್ಸ್.

ಗಿಲ್ಡ್ ವಾರ್ಸ್ 2ರಲ್ಲಿ ಒಂದು ಬಲೆ ಇದೆ, ಹೊಸ ಹೀಲರ್‌ಗಳು ತಪ್ಪದೆ ಬೀಳುತ್ತಾರೆ. ಮಿನ್‌ಸ್ಟ್ರೆಲ್ ಗೇರ್‌ನಲ್ಲಿ ಹೀಲಿಂಗ್ ಪವರ್, ಕಾನ್ಸನ್‌ಟ್ರೇಶನ್, ವೈಟಾಲಿಟಿ ಜೊತೆಗೆ ಟಫ್‌ನೆಸ್ ಇದೆ. ಗಟ್ಟಿ ಗೇರ್, ಸಾಯುವುದು ಕಷ್ಟ, ಎಲ್ಲರಿಗೂ ಇಷ್ಟ. ಆದರೆ ಕೆಲವು ರೇಡ್ ಬಾಸ್‌ಗಳು ಗುಂಪಿನಲ್ಲಿ ಟಫ್‌ನೆಸ್ ಅತಿ ಹೆಚ್ಚು ಇರುವವರ ಬೆನ್ನು ಹತ್ತುತ್ತವೆ. ಟ್ಯಾಂಕ್‌ಗಿಂತ ನಿಮ್ಮದು ಹೆಚ್ಚಿದ್ದರೆ ಬಾಸ್ ತಿರುಗಿ ನಿಮ್ಮ ಹಿಂದೆ ಬರುತ್ತಾನೆ, ಗುಂಪು ನಿಂತ ಜಾಗ ಪೂರ್ತಿ ಕಲಸಿಹೋಗುತ್ತದೆ. ಟ್ಯಾಂಕ್ ನೀವಲ್ಲದಿದ್ದರೆ ಹಾರಿಯರ್ ಹಾಕಿ. ಅದರಲ್ಲಿ ಪವರ್, ಹೀಲಿಂಗ್ ಪವರ್, ಕಾನ್ಸನ್‌ಟ್ರೇಶನ್ ಇದೆ, ಟಫ್‌ನೆಸ್ ಇಲ್ಲ. ಕಾನ್ಸನ್‌ಟ್ರೇಶನ್ 15ಕ್ಕೆ ಬೂನ್ (ಗುಂಪಿಗೆ ಕೊಡುವ ತಾತ್ಕಾಲಿಕ ಬಲ) ಅವಧಿ ಶೇ. 1 ಏರುತ್ತದೆ, ಶೇ. 100ಕ್ಕೆ ನಿಲ್ಲುತ್ತದೆ. ನಿಮ್ಮ ಬೂನ್‌ಗಳು ಕಡಿಯದೆ ಉಳಿಯಲು ಎಷ್ಟು ಬೇಕೋ ಅಷ್ಟು ಆದ ಮೇಲೆ ಉಳಿದದ್ದನ್ನು ಬೇರೆ ಕಡೆ ತಿರುಗಿಸಿ.

ವಾರ್‌ಕ್ರಾಫ್ಟ್‌ನ ಟಿಯರ್ ಸೆಟ್ (ಪ್ರತಿ ಕ್ಲಾಸ್‌ಗೆ ಮೀಸಲಾದ ಸೆಟ್) ತಲೆ, ಭುಜ, ಎದೆ, ಕೈ, ಕಾಲು ಹೀಗೆ ಐದು ಜಾಗದಲ್ಲಿ ಬರುತ್ತದೆ, ಬೋನಸ್ ಸಿಗುವುದು ಎರಡಕ್ಕೆ ಮತ್ತು ನಾಲ್ಕಕ್ಕೆ. ಐದನೆಯದು ನಿಮ್ಮ ಸ್ವಾತಂತ್ರ್ಯ. ಐದರಲ್ಲಿ ಯಾವ ಪೀಸ್‌ನ ಸ್ಟ್ಯಾಟ್ ನಿಮ್ಮ ಕೊರತೆಗೆ ಅತಿ ಕಡಿಮೆ ಹೊಂದುತ್ತದೋ ಆ ಜಾಗವನ್ನು ಸೆಟ್‌ನಿಂದ ಹೊರಗಿಡಿ.

ನಿಮ್ಮ ಪ್ರಾಣ

ಸತ್ತ ಹೀಲರ್‌ನ ಹೀಲಿಂಗ್ ಸೊನ್ನೆ. ಹಾಗೆಂದು ಎಲ್ಲವನ್ನೂ ಉಳಿವಿಗೇ ಸುರಿದರೆ ಉಳಿದವರು ಸಾಯುತ್ತಾರೆ. ಗುರಿ ಖಚಿತವಾಗಿರಲಿ: ತಪ್ಪಿಸಿಕೊಳ್ಳಲಾಗದ ಅತಿ ದೊಡ್ಡ ಏಟು ಬಿದ್ದಾಗ ಜೀವ ಒಂದಿಷ್ಟು ಉಳಿಯಬೇಕು. ಅದಕ್ಕಿಂತ ಹೆಚ್ಚು ಬೇಡ. ನಿಮ್ಮ ಜೀವ 1,00,000, ಆ ಏಟು 1,05,000 ಎಂದಿಟ್ಟುಕೊಳ್ಳಿ. ವಾರ್‌ಕ್ರಾಫ್ಟ್‌ನಲ್ಲಿ ವರ್ಸಟಿಲಿಟಿ ಹೀಲಿಂಗ್ ಎಷ್ಟು ಏರಿಸುತ್ತದೋ ಅದರ ಅರ್ಧದಷ್ಟು ಮಾತ್ರ ಏಟು ತಗ್ಗಿಸುತ್ತದೆ. ಶೇ. 10 ವರ್ಸಟಿಲಿಟಿ ಸೇರಿಸಿದರೆ ಏಟು ಶೇ. 5 ಇಳಿದು 99,750 ಆಗುತ್ತದೆ, 250 ಉಳಿಯುತ್ತದೆ. ಶೇ. 10 ಎಂದರೆ ಎಷ್ಟೋ ಪೀಸ್‌ಗಳ ಬೆಲೆ. ಅದೇ ಏಟಿಗೆ ಡ್ರೂಯಿಡ್ ಬಾರ್ಕ್‌ಸ್ಕಿನ್ ಒತ್ತಿದರೆ ಶೇ. 20 ಇಳಿದು 84,000 ಆಗುತ್ತದೆ. ದೊಡ್ಡ ಏಟು ಎರಡೇ ಸಲ ಬೀಳುವ ಬಾಸ್‌ಗೆ ಬಟನ್ ಸಾಕು. ಪದೇ ಪದೇ ಬೀಳುವುದಾದರೆ, ಬಟನ್ ಕೂಲ್‌ಡೌನ್‌ನಲ್ಲಿರುವಾಗ ಸಾಯುತ್ತಿದ್ದರೆ, ಆಗ ಆರ್ಮರ್ ಬದಲಿಸುವುದು ಸರಿ.

ನಮ್ಮ ಕಡೆಯಿಂದ ಆಡುವಾಗ

ವಾರ್‌ಕ್ರಾಫ್ಟ್‌ಗೂ ಫೈನಲ್ ಫ್ಯಾಂಟಸಿಗೂ ಭಾರತದಲ್ಲಿ ಸರ್ವರ್ ಇಲ್ಲ. ಮುಂಬೈಯ ವರ್ಸೋವಾ ತೀರದಲ್ಲಿ ಹತ್ತುವ ಸಮುದ್ರದ ಕೇಬಲ್ ಹಿಡಿದು ಯುರೋಪಿಗೆ ಹೋಗಿ ಬರಲು ಸಾಮಾನ್ಯವಾಗಿ 120ರಿಂದ 180 ಮಿಲಿಸೆಕೆಂಡ್ ಬೇಕು. ಪುಣೆ, ಗೋವಾದಿಂದ ಇನ್ನೂ ಕೆಲವು ಮಿಲಿಸೆಕೆಂಡ್ ಹೆಚ್ಚು. ಈ ಪಿಂಗ್‌ಗೆ ಹೆದರಿ ಹೇಸ್ಟ್ ಬಿಡಬೇಕಾಗಿಲ್ಲ. ವಾರ್‌ಕ್ರಾಫ್ಟ್ ಮುಂದಿನ ಸ್ಪೆಲ್ ಅನ್ನು 400 ಮಿಲಿಸೆಕೆಂಡ್ ಮೊದಲೇ ಸಾಲಿನಲ್ಲಿ ನಿಲ್ಲಿಸಿಕೊಳ್ಳುತ್ತದೆ. ಬಾರ್ ತುಂಬುವ ಸ್ವಲ್ಪ ಮೊದಲೇ ಒತ್ತುವ ಅಭ್ಯಾಸ ಇದ್ದರೆ ಕ್ಯಾಸ್ಟ್‌ಗಳ ನಡುವೆ ಸಮಯ ಸೋರುವುದಿಲ್ಲ. ಪಿಂಗ್ ಕದಿಯುವುದು ಏಟು ಬಿದ್ದದ್ದನ್ನು ನೋಡಿ ಪ್ರತಿಕ್ರಿಯಿಸುವ ಕ್ಷಣವನ್ನು. ಅದಕ್ಕೇ ನಮ್ಮ ಕಡೆಯವರಿಗೆ ಮುಂಚಿತವಾಗಿ ಹಾಕಿಡುವ ಶೀಲ್ಡ್ ಮತ್ತು ಹಾಟ್ ಒಗ್ಗುತ್ತವೆ, ಅವನ್ನು ಬಲಪಡಿಸುವ ಸ್ಟ್ಯಾಟ್ ಇರುವ ಪೀಸ್‌ಗೆ ಅರ್ಧ ಅಂಕ ಹೆಚ್ಚು ಕೊಡಿ.

ಫೈನಲ್ ಫ್ಯಾಂಟಸಿಯಲ್ಲಿ ಪಿಂಗ್ ನೇರವಾಗಿ ತಟ್ಟುತ್ತದೆ. ಗ್ಲೇರ್‌ನ ಕ್ಯಾಸ್ಟ್ 1.5 ಸೆಕೆಂಡ್, ಮುಂದಿನದಕ್ಕೆ ಉಳಿಯುವುದು 1 ಸೆಕೆಂಡ್. ಆ ನಡುವೆ ಒತ್ತುವ ಒಂದು ಎಬಿಲಿಟಿ ಸುಮಾರು 0.6 ಸೆಕೆಂಡ್ ಕೈಕಟ್ಟಿಹಾಕುತ್ತದೆ, ಅದರ ಮೇಲೆ ಪಿಂಗ್. ಒಂದು ಹಿಡಿಸುತ್ತದೆ, ಎರಡು ಹಿಡಿಸುವುದಿಲ್ಲ. ಸ್ಪೆಲ್ ಸ್ಪೀಡ್ ಏರಿಸಿದಷ್ಟೂ ಈ ಕಿಂಡಿ ಕಿರಿದಾಗುತ್ತದೆ, ಹಾಗಾಗಿ ಮುಂಬೈಯಿಂದ ಆಡುವವರಿಗೆ ಅದು ಕೊನೆಯ ಆಯ್ಕೆ.

ಗಡಿಯಾರದ ಲೆಕ್ಕವೂ ಗೇರ್‌ಗೆ ಸೇರಿದ್ದೇ. ಮಧ್ಯ ಯುರೋಪಿನ ರಾತ್ರಿ 8 ಗಂಟೆಯ ರೇಡ್ ನಮಗೆ ಚಳಿಗಾಲದಲ್ಲಿ 12:30, ಬೇಸಿಗೆಯಲ್ಲಿ 11:30. ಜಪಾನ್ ಸರ್ವರ್‌ನ ಸಂಜೆ 8 ನಮಗೆ ಮಧ್ಯಾಹ್ನ 4:30, ಆಫೀಸು ಬಿಡುವ ಮುಂಚೆ. ಬೆಳಿಗ್ಗೆ ಲೋಕಲ್ ಹಿಡಿಯಬೇಕಾದವರು ವಾರಕ್ಕೆ ಒಂದು ರಾತ್ರಿ ಮಾತ್ರ ರೇಡ್ ಮಾಡಬಲ್ಲರು. ಅಂಥವರು ಬಾಸ್ ಕೈಯಿಂದ ಬೀಳುವ ಪೀಸ್‌ಗೆ ಕಾಯುವುದಕ್ಕಿಂತ ಖಚಿತವಾಗಿ ಸಿಗುವ ಗೇರ್ ಹಿಡಿಯಬೇಕು: ಕುಶಲಕರ್ಮಿಗಳು ಮಾಡಿ ಮಾರುವುದು, ಟೋಮ್‌ಸ್ಟೋನ್‌ಗೆ (ಆಡಿ ಗಳಿಸುವ, ಆಟದೊಳಗಿನ ನಾಣ್ಯ) ಕೊಳ್ಳುವುದು. ಫೈನಲ್ ಫ್ಯಾಂಟಸಿಯಲ್ಲಿ ಹಲವು ವರ್ಷಗಳಿಂದ ಟೋಮ್‌ಸ್ಟೋನ್‌ನ ವಾರದ ಮಿತಿ 450. ಎದೆ ಮತ್ತು ಕಾಲಿನ ಪೀಸ್ ತಲಾ 825, ತಲೆ, ಕೈ, ಪಾದ ತಲಾ 495. ಐದೂ ಸೇರಿ 3,135, ಅಂದರೆ ಏಳು ವಾರ. ಸ್ಟ್ಯಾಟ್ ಹೆಚ್ಚಿರುವುದು ಎದೆ ಮತ್ತು ಕಾಲಿನಲ್ಲಿ, ಆದ್ದರಿಂದ ಅವೇ ಮೊದಲು. ಮಿತಿ ಹೊಸದಾಗುವುದು ಮಂಗಳವಾರ ಮಧ್ಯಾಹ್ನ 1:30ಕ್ಕೆ. ಅಷ್ಟರೊಳಗೆ 450 ತುಂಬಿಸದಿದ್ದರೆ ಆ ವಾರ ಹೋಯಿತು.

ರೇಡ್ ಶುರುವಾಗುವ ಹದಿನೈದು ನಿಮಿಷ ಮುಂಚೆ ಗೇರ್ ಕಿಟಕಿ ತೆರೆದು ಪ್ರತಿ ಪೀಸ್‌ನ ಬಾಳಿಕೆ ನೋಡಿ, ರಿಪೇರಿ ಮಾಡಿಸಿ. ಸೊನ್ನೆಗೆ ಇಳಿದ ಪೀಸ್ ಮೈಮೇಲಿದ್ದರೂ ಇಲ್ಲದಂತೆಯೇ. ಸೋತು ಸೋತು ಕಲಿಯುವ ರಾತ್ರಿ ಇದು ಬೇಗ ಆಗುತ್ತದೆ. ಹಿಂದಿನ ರಾತ್ರಿ ಡಿಪಿಎಸ್ ಆಡಿದ್ದರೆ ಆ ಗೇರ್ ಇನ್ನೂ ಮೈಮೇಲಿದೆಯೇ, ಹೊಸ ಪೀಸ್‌ಗೆ ಎನ್‌ಚಾಂಟ್ ಅಥವಾ ಮೆಟೀರಿಯಾ ಹಾಕಿದ್ದೀರಾ, ಸೆಟ್‌ನ ಎಣಿಕೆ ನಾಲ್ಕಕ್ಕೋ ಐದಕ್ಕೋ ಸರಿಯಾಗಿದೆಯಾ ನೋಡಿ. ಮಳೆಗಾಲದಲ್ಲಿ ಇನ್ನೊಂದು: ಕರೆಂಟ್ ಮಿನುಗಿದರೆ ರೌಟರ್ ಮತ್ತೆ ಎದ್ದೇಳಲು ಒಂದೆರಡು ನಿಮಿಷ ಬೇಕು, ಅಷ್ಟರಲ್ಲಿ ಪಾರ್ಟಿ ಮುಗಿದಿರುತ್ತದೆ. ರೌಟರ್‌ನ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪಿಯರ್ ನೋಡಿ, ಹೆಚ್ಚಿನವು 12 ವೋಲ್ಟ್‌ನವು, ಅದಕ್ಕೆ ಹೊಂದುವ ಸಣ್ಣ ಯುಪಿಎಸ್ ತಂದು ಹಾಕಿ.